ಕೋಟೆ ಬಸ್ಸಿನ ಬೆಸುಗೆ

ಸ್ಪ್ಯಾನರು ಕೊಳ್ಳುವ ಮೊದಲು ನಟ್ಟನ್ನು ಅಳೆಯಿರಿ. ಹುಣಸೂರಿನಲ್ಲಿ ಅರ್ಧ ಆಯುಸ್ಸನ್ನು ಬಸ್ಸುಗಳ ಹೊಟ್ಟೆಯ ಕೆಳಗೆ ಮಲಗಿ ಕಳೆದವನು ಹೇಳಬಹುದಾದ ದೊಡ್ಡ ಬುದ್ಧಿಮಾತು ಇಷ್ಟೆ. ಐ.ಟಿ.ಐ. ಮುಗಿಸಿದ ಹುಡುಗರು ಈಗ ಜಗಲಿಗೆ ಬಂದು ಕೂತು, "ತಾತ, ನೀವು ಹೆಂಗೆ ಮೇಲಕ್ಕೆ ಬಂದ್ರಿ?" ಎಂದು ಕೇಳುತ್ತಾರೆ. ಬಸ್ಸಿನ ಅಡಿಯಿಂದ ತೆವಳಿಕೊಂಡು ಮೇಲಕ್ಕೆ ಬಂದೆ ಅನ್ನುತ್ತೇನೆ. ಅವರು ನಗುತ್ತಾರೆ. ಆದರೆ ನಿಜ ಹೇಳಬೇಕೆಂದರೆ ನನ್ನನ್ನು ಮೇಲಕ್ಕೆ ಎತ್ತಿದವರು ಬೇರೆ, ಹೆಸರು ಪಡೆದವನು ನಾನು. ಆ ಲೆಕ್ಕವನ್ನು ಇವತ್ತು ಸರಿಮಾಡುತ್ತೇನೆ.

ನಮ್ಮದು ಕುಲುಮೆಯ ಮನೆತನ. ಅಪ್ಪ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದರು. ಅಪ್ಪ ಹೋದ ಮೇಲೆ ಕುಲುಮೆ ಮುಚ್ಚಿ, ಊರಿಗೆ ಹೊಸದಾಗಿ ಬಂದಿದ್ದ ಸುಬ್ಬಶೆಟ್ಟರ ಮೋಟಾರ್ ಸರ್ವೀಸಿಗೆ ಮೆಕ್ಯಾನಿಕ್ ಆಗಿ ಸೇರಿದೆ. ಆಗಿನ್ನೂ ಮಹಾರಾಜರ ಕಾಲ. ಶೆಟ್ಟರಿಗೆ ಎರಡು ಬಸ್ಸು. ಒಂದು ಪಿರಿಯಾಪಟ್ಟಣದ ಕಡೆಗೆ, ಇನ್ನೊಂದು ಹೆಗ್ಗಡದೇವನಕೋಟೆಗೆ, ನಮ್ಮ ಬಾಯಲ್ಲಿ ಬರೀ ಕೋಟೆ. ಎರಡೂ ಅಮೆರಿಕದ ಬಸ್ಸು. ಶೆಟ್ಟರ ಸ್ಪ್ಯಾನರುಗಳೆಲ್ಲ ಒಂದು ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಬೀಗದ ಕೈ ಅವರ ಉಡಿದಾರದಲ್ಲಿ. ಒಂದು ನಟ್ಟು ಬಿಚ್ಚಬೇಕಾದರೆ ಅವರು ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಬಂದು, ಪಂಚೆ ಸರಿಸಿ, ಬೀಗ ತೆಗೆದು, ಒಂದೇ ಒಂದು ಸ್ಪ್ಯಾನರನ್ನು ತೀರ್ಥದ ಹಾಗೆ ಕೈಗೆ ಹಾಕುತ್ತಿದ್ದರು. ಎರಡನೆಯದು ಬೇಕೆಂದರೆ ಮೊದಲನೆಯದನ್ನು ಒಪ್ಪಿಸಬೇಕು. ಒಂದೇ ಬೋಲ್ಟಿನ ಎರಡು ತುದಿಯನ್ನು ಏಕಕಾಲಕ್ಕೆ ಹಿಡಿಯಬೇಕಾಗುತ್ತದೆ ಎಂದು ಅವರಿಗೆ ತಿಳಿಸಿ ಹೇಳುವುದು ನನ್ನಿಂದ ಕೊನೆಗೂ ಆಗಲಿಲ್ಲ.

ಹಾಗಾಗಿ ನನ್ನದೇ ಹತಾರ ಇರಬೇಕೆಂಬ ಹುಚ್ಚು ಹಿಡಿಯಿತು. ಅದೇ ಸಮಯಕ್ಕೆ ಪಿರಿಯಾಪಟ್ಟಣದಿಂದ ಆಚೆ, ಕೊಡಗಿನ ಗಡಿ ದಾಟಿದ ಮೇಲೆ, ಒಬ್ಬ ಇಂಗ್ಲಿಷ್ ದೊರೆ ಕಾಫಿ ತೋಟ ಮಾರಿ ತನ್ನ ಸೀಮೆಗೆ ಹೊರಟಿದ್ದಾನೆ, ಸಾಮಾನೆಲ್ಲ ಹರಾಜು ಎಂದು ಸುದ್ದಿ ಬಂತು. ಹೋದೆ. ಬೇರೆಯವರು ಕುರ್ಚಿ, ಪಿಂಗಾಣಿ, ಬಂದೂಕಿನ ಸುತ್ತ ನೆರೆದಿದ್ದರು. ನಾನು ಹಿಂದಿನ ಶೆಡ್ಡಿನಲ್ಲಿ ಒಂದು ತೇಗದ ಪೆಟ್ಟಿಗೆ ಕಂಡು ಅಲ್ಲೇ ಕಾಲು ಕಿತ್ತಿಡದೆ ನಿಂತೆ. ಒಳಗೆ ಹಸುರು ಬಟ್ಟೆಯ ಹಾಸು, ಅದರ ಮೇಲೆ ಕಿರುಬೆರಳಷ್ಟರಿಂದ ಮೊಳದುದ್ದದವರೆಗೆ ಸಾಲಾಗಿ ಮಲಗಿದ ಸ್ಪ್ಯಾನರುಗಳು. ಪಕ್ಕದಲ್ಲೇ ಕಬ್ಬಿಣವನ್ನು ಕಚ್ಚಿ ಹಿಡಿಯುವ ಒಂದು ವೈಸು, ತಿಕ್ಕುವ ನಾಲ್ಕು ಅರ, ಒಂದು ಗುಂಡು ಸುತ್ತಿಗೆ. ಕೂಡಿಟ್ಟದ್ದನ್ನೆಲ್ಲ ಅಲ್ಲೇ ಸುರಿದು ಬಂದೆ. ಹಿಂದಿರುಗುವಾಗ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಮನೆಯಲ್ಲಿ ನನ್ನ ಹೆಂಡತಿ ಗೌರಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಮನೆಯ ಹಿಂದಿನ ಗಾಡಿ ಕೊಟ್ಟಿಗೆಯಲ್ಲಿ ಮಣೆ ಹಾಕಿ ಕೂರಿಸಿದಳು. ಆ ದಿನದಿಂದ ಕೊಟ್ಟಿಗೆಗೆ ನಾನು ಗ್ಯಾರೇಜು ಅಂತ ಹೆಸರಿಟ್ಟೆ. ಎತ್ತಿಗೆ ಮಾತ್ರ ಅದು ಕೊಟ್ಟಿಗೆಯಾಗಿಯೇ ಉಳಿಯಿತು.

ಮರುದಿನ ಶೆಟ್ಟರ ಎದುರಿಗೇ ಪೆಟ್ಟಿಗೆ ಬಿಚ್ಚಿ, ಅರ್ಧ ಇಂಚು ಎಂದು ಕೆತ್ತಿದ್ದ ಸ್ಪ್ಯಾನರನ್ನು ಅರ್ಧ ಇಂಚಿನ ನಟ್ಟಿಗೆ ಹಾಕಿದೆ. ತಾತನ ಮೆಟ್ಟಿಗೆ ಮೊಮ್ಮಗ ಕಾಲು ತೂರಿಸಿದ ಹಾಗೆ ಗಡಗಡ ಆಡಿತು. ಅದಕ್ಕಿಂತ ಚಿಕ್ಕದನ್ನು ಹಾಕಿದೆ. ಅದು ಏರಲೇ ಇಲ್ಲ. ಇಡೀ ಪೆಟ್ಟಿಗೆಯಲ್ಲಿ ಒಂದೂ ಕೂರಲಿಲ್ಲ. ಇಂಗ್ಲಿಷರ ಅಳತೆಯೇ ಬೇರೆ, ಅಮೆರಿಕದವರ ಅಳತೆಯೇ ಬೇರೆ. ಎರಡು ದೇಶದವರೂ ಒಂದೇ ಭಾಷೆ ಆಡಿಕೊಂಡು ನಟ್ಟಿನ ವಿಷಯದಲ್ಲಿ ಜಗಳವಾಡಿಕೊಂಡಿದ್ದಾರೆ ಎಂದು ನನಗೆ ಯಾರು ಹೇಳಿದ್ದರು? ಸೋಲಬಾರದೆಂದು ಸಂದಿಗೆ ತಗಡಿನ ಚೂರು ತುರುಕಿ ಜಗ್ಗಿದೆ. ಸ್ಪ್ಯಾನರು ಜಾರಿತು. ನಟ್ಟಿನ ಮೂಲೆಯೂ ನನ್ನ ಬೆರಳಿನ ಗೆಣ್ಣೂ ಒಟ್ಟಿಗೇ ಸವೆದವು.

ಶೆಟ್ಟರು ಎಲೆ ಅಡಿಕೆ ಉಗುಳಿ ಬಂದು, "ಏನಯ್ಯಾ ಆಚಾರಿ, ದೊರೆ ಸ್ಪ್ಯಾನರು ನಮ್ಮ ಬಸ್ಸು ಮುಟ್ಟಾಕಿಲ್ವಂತೋ? ಮಡಿಯೋ ಏನು ಅದಕ್ಕೆ?" ಎಂದರು. ಬಸ್ ಸ್ಟಾಂಡಿನಲ್ಲಿ ಆ ಮಾತು ಒಂದು ತಿಂಗಳು ಓಡಿತು.

ಆದರೆ ಆ ಮಾತೇ ನನಗೆ ದಾರಿ ತೋರಿಸಿತು. ಕೃಷ್ಣರಾಜನಗರದ ಒಂದು ಅಕ್ಕಿ ಗಿರಣಿಯವರಿಗೆ ಅದು ಕಿವಿಗೆ ಬಿದ್ದಿತ್ತು. ಅವರದು ಇಂಗ್ಲೆಂಡಿನ ಎಂಜಿನು. ಸುತ್ತಮುತ್ತ ಯಾರ ಹತ್ತಿರವೂ ಅದಕ್ಕೆ ಸರಿಹೊಂದುವ ಸ್ಪ್ಯಾನರಿಲ್ಲದೆ ಉಳಿ ಸುತ್ತಿಗೆಯಲ್ಲಿ ನಟ್ಟು ಬಿಚ್ಚುತ್ತಿದ್ದರು. ಭಾನುವಾರ ನನ್ನನ್ನು ಕರೆಸಿದರು. ಹಾಕಿದ ಮೊದಲನೆಯ ಸ್ಪ್ಯಾನರು ನಟ್ಟಿನ ಮೇಲೆ ಕೂತ ಸದ್ದು, "ಟಕ್" ಅಂತ, ನನಗೆ ಈಗಲೂ ಕೇಳಿಸುತ್ತದೆ. ಮದುವೆಯಲ್ಲಿ ತಾಳಿ ಕಟ್ಟಿದಾಗಲೂ ಅಷ್ಟು ನೆಮ್ಮದಿ ಆಗಿರಲಿಲ್ಲ. ಇದನ್ನು ಗೌರಮ್ಮನ ಮುಂದೆ ಹೇಳಬಾರದಿತ್ತು, ಹೇಳಿದೆ, ಅನುಭವಿಸಿದೆ.

ಎಂಜಿನ್ನಿನ ಮೈಯಲ್ಲಿ ಒಂದು ಬಿರುಕು ಇತ್ತು. ಅದನ್ನು ಮುಚ್ಚಲು ಅಂತೋಣಿ ಮೇಸ್ತ್ರಿ ಅನ್ನುವವರು ಬಂದಿದ್ದರು. ಚಿನ್ನದ ಗಣಿಯಲ್ಲಿ ದುಡಿದು ಬಂದ ಮುದುಕರು. ಒಂದು ಡ್ರಮ್ಮು, ಮನುಷ್ಯನೆತ್ತರದ ಒಂದು ಕಬ್ಬಿಣದ ಸಿಲಿಂಡರು, ಎರಡು ರಬ್ಬರ್ ಕೊಳವೆ, ಅದರ ತುದಿಗೆ ಹಿತ್ತಾಳೆಯ ಊದುಕೊಳವೆ. ಅದರ ಮೂತಿಯಲ್ಲಿ ಬೆಳ್ಳಗೆ ಉರಿ ಹೊತ್ತಿತು, ಬೆರಳುಗುರಿನಷ್ಟು. ಆ ಉಗುರು ತಾಗಿದ ಕಡೆ ಕಬ್ಬಿಣ ಬೆಣ್ಣೆಯಾಯಿತು. ತಿದಿ ಇಲ್ಲ, ಇದ್ದಲಿಲ್ಲ, ಸುತ್ತಿಗೆ ಪೆಟ್ಟಿಲ್ಲ. ನಾಲ್ಕು ತಲೆಮಾರಿನಿಂದ ಬೆಸುಗೆ ಹಾಕಿದ ಮನೆಯವನು ನಾನು, ಬಾಯಿ ಬಿಟ್ಟುಕೊಂಡು ನಿಂತೆ.

"ಕಲಿಸ್ತೀರಾ ಮೇಸ್ತ್ರಿ?" ಎಂದೆ.

"ಕಣ್ಣು ಮಂಜಾಯ್ತು ತಂಬಿ," ಎಂದರು ಅವರು. "ಈ ಸಾಮಾನೆಲ್ಲ ಯಾರಿಗಾದ್ರೂ ಒಪ್ಪಿಸಿ ಮಗಳ ಮನೆ ಸೇರಬೇಕು ಅಂತಿದ್ದೆ. ಜಾಗ ಇದೆಯಾ ನಿನಗೆ?"

"ಗ್ಯಾರೇಜೇ ಇದೆ," ಎಂದೆ. ಎತ್ತಿನ ವಿಷಯ ಹೇಳಲಿಲ್ಲ.

ಮೇಸ್ತ್ರಿಗಳು ಬಂದು ಎರಡು ತಿಂಗಳು ನಮ್ಮ ಕೊಟ್ಟಿಗೆಯಲ್ಲಿ ಬಿಡಾರ ಹೂಡಿದರು. ಮೊದಲ ವಾರವೇ ಒಂದು ರಂಪವಾಯಿತು. ಡ್ರಮ್ಮಿನಲ್ಲಿ ಕಾರ್ಬೈಡ್ ಕಲ್ಲಿಗೆ ನೀರು ಬಿದ್ದರೆ ಗ್ಯಾಸ್ ಏಳುತ್ತದೆ. ಅದಕ್ಕೆ ಥೇಟ್ ಬೆಳ್ಳುಳ್ಳಿಯ ವಾಸನೆ. ನಮ್ಮ ಹಿತ್ತಿಲ ಗೋಡೆಯ ಆಚೆ ಜೋಯಿಸರ ಮನೆ. ಏಕಾದಶಿಯ ಬೆಳಿಗ್ಗೆ ಗೋಡೆಯ ಮೇಲೆ ಅವರ ತಲೆ ಕಾಣಿಸಿತು.

"ಏನಯ್ಯಾ, ಜನಿವಾರ ಹಾಕಿಕೊಂಡ ಮನೆಯಲ್ಲಿ ಇವತ್ತೂ ಬೆಳ್ಳುಳ್ಳಿ ಒಗ್ಗರಣೆಯೇ? ಅದೂ ಬೆಳಗಿನಿಂದ ಸಂಜೆತನಕ?"

"ಇದು ಕಲ್ಲಿನ ವಾಸನೆ ಸ್ವಾಮಿ," ಎಂದೆ.

"ಕಲ್ಲಿಗೆ ಒಗ್ಗರಣೆ ಹಾಕುತ್ತೀಯೋ?"

ನಂಬಲಿ ಎಂದು ಒಂದು ಚೂರು ಕಲ್ಲನ್ನು ನೀರಿನ ಗುಂಡಿಗೆ ಹಾಕಿ, ಮೇಲೆ ತೂತಿದ್ದ ತೆಂಗಿನ ಚಿಪ್ಪು ಮುಚ್ಚಿ, ಉದ್ದ ಕಡ್ಡಿಯಿಂದ ಬೆಂಕಿ ತಾಗಿಸಿದೆ. ಚಿಪ್ಪು ಢಮ್ಮೆಂದು ಹಾರಿ ಅವರ ಮಾವಿನ ಮರದೊಳಗೆ ಹೋಯಿತು. ಜೋಯಿಸರ ತಲೆ ಗೋಡೆಯ ಹಿಂದೆ ಮಾಯವಾಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮೆಲ್ಲಗೆ ಎದ್ದು, "ಇನ್ನೊಂದು ಸಲ ಮಾಡು, ನಮ್ಮವಳನ್ನು ಕರೆಯುತ್ತೇನೆ," ಎಂದರು. ಮೇಸ್ತ್ರಿಗಳು ಆ ದಿನ ನನ್ನನ್ನು ಚೆನ್ನಾಗಿ ಬೈದರು. ಬೈದದ್ದು ಸರಿ. ಹುಡುಗರೇ, ಗ್ಯಾಸಿನ ಜೊತೆ ಆಟ ಬೇಡ. ನನ್ನ ಎಡಗಡೆಯ ಹುಬ್ಬು ಆ ವರ್ಷ ಎರಡು ಸಲ ಬೆಳೆಯಬೇಕಾಯಿತು.

ಕಲಿಕೆ ಮಾತ್ರ ಹತ್ತಲಿಲ್ಲ. ತಗಡಿಗೆ ಉರಿ ಹಿಡಿದರೆ ತೂತು, ಬೆಸುಗೆಯ ಕಬ್ಬಿಣದ ಕಡ್ಡಿ ಕರಗಿಸಿ ತೂತು ಮುಚ್ಚಲು ಹೋದರೆ ಇನ್ನೂ ದೊಡ್ಡ ತೂತು. ಕುಲುಮೆಯ ಕೈ ನನ್ನದು. ಬಲ ಹಾಕುವುದು ಗೊತ್ತು, ಕಾಯುವುದು ಗೊತ್ತಿಲ್ಲ. ಗೌರಮ್ಮ ಡ್ರಮ್ಮಿನ ನೀರು ನೋಡಿಕೊಳ್ಳುತ್ತ, ಮೇಸ್ತ್ರಿಗಳ ಎರಡನೆಯ ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಿರುತ್ತಿದ್ದಳು. ಅವಳು ಸಾಲಿಗ್ರಾಮದವಳು. ಅವಳಪ್ಪ ಆಲೆಮನೆಗಳ ಕೊಪ್ಪರಿಗೆ ರಿಪೇರಿ ಮಾಡುತ್ತಿದ್ದವರು. ಇವಳು ಬೆಲ್ಲದ ಪಾಕ ನೋಡುತ್ತಲೇ ಬೆಳೆದವಳು.

ಒಂದು ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. "ಪಾಕ ಇನ್ನೂ ಬಂದಿಲ್ಲ ಕಣ್ರೀ, ಆಗ್ಲೇ ಕಡ್ಡಿ ಅದ್ದುತೀರಲ್ಲ. ಅಂಚು ಎಲ್ಡೂ ಬೆವರಲಿ, ಒಂದಕ್ಕೊಂದು ಹರ್ಕೊಂಡು ಬರಲಿ, ಆಮೇಲೆ ಕೊಡಿ."

ಮೇಸ್ತ್ರಿಗಳು ಬೀಡಿ ಕೆಳಗಿಟ್ಟರು. "ಅಮ್ಮಾ, ಇನ್ನೊಂದ್ಸಲ ಹೇಳು."

ಅವಳು ಹೇಳಿದಳು. ಮೇಸ್ತ್ರಿಗಳು ನನ್ನ ಕೈಯಿಂದ ಊದುಕೊಳವೆ ಕಿತ್ತುಕೊಂಡು ಅವಳ ಕೈಗೆ ಕೊಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತವಳು ಗೇಣುದ್ದ ಬೆಸುಗೆ ಎಳೆದಳು. ತೂತಿಲ್ಲ. ಕೋಡುಬಳೆಯ ನುಲಿಯ ಹಾಗೆ ಸಮನಾಗಿ ಹೋಗಿತ್ತು. ಮೇಸ್ತ್ರಿಗಳು ಅದನ್ನು ಮಂಜುಗಣ್ಣಿಗೆ ಹತ್ತಿರ ಹಿಡಿದು, ಉಗುರಿನಿಂದ ಸವರಿ, ನನ್ನ ಕಡೆ ತಿರುಗಿ, "ತಂಬಿ, ನೀನು ಡ್ರಮ್ಮಿನ ನೀರು ನೋಡ್ಕೋ," ಎಂದರು.

ನನಗೆ ಹೊಟ್ಟೆ ಉರಿಯಿತು ಎಂದು ಒಪ್ಪಿಕೊಳ್ಳುತ್ತೇನೆ. ನಾನೂ ಆಮೇಲೆ ಕಲಿತೆ, ದಪ್ಪ ಕಬ್ಬಿಣ ಅಂಟಿಸುವಷ್ಟು. ಎರಡು ತಿಂಗಳು ತುಂಬಿದ ಮೇಲೆ ಮೇಸ್ತ್ರಿಗಳು ಸಾಮಾನೆಲ್ಲ ನಮಗೆ ಒಪ್ಪಿಸಿ ಮಗಳ ಮನೆ ಸೇರಿದರು. ಆದರೆ ತೆಳ್ಳನೆಯ ಕೆಲಸವೆಲ್ಲ ಅವಳದೇ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳ ತಗಡು ಕೊಳವೆ, ಬಿಂದಿಗೆ, ಹಂಡೆ ಎಲ್ಲ ನಮ್ಮ ಕೊಟ್ಟಿಗೆಗೆ ಬರತೊಡಗಿದವು. ಹೆಂಗಸು ಬೆಸುಗೆ ಹಾಕುತ್ತಾಳೆ ಅಂದರೆ ಗಿರಾಕಿ ನಿಲ್ಲುತ್ತಾರೋ ಇಲ್ಲವೋ ಎಂದು ನಾನೇ ಅಂದುಕೊಂಡು, ಬಾಗಿಲು ಮುಚ್ಚಿಸಿ, ಹಣೆಯ ಮೇಲೆ ಕಪ್ಪು ಕನ್ನಡಕ ಏರಿಸಿಕೊಂಡು, ಮುಖಕ್ಕೆ ಒಂದಿಷ್ಟು ಮಸಿ ಬಳಿದುಕೊಂಡು ಹೊರಗೆ ಕೂರುತ್ತಿದ್ದೆ. ಕಂಪಲಾಪುರದ ಒಬ್ಬ ಗೌಡರು ಒಮ್ಮೆ ನನ್ನನ್ನೂ ಬಾಗಿಲನ್ನೂ ನೋಡಿ ಕೇಳಿದರು: "ಆಚಾರ್ರೇ, ನೀವು ಇಲ್ಲೇ ಕುಂತಿದ್ದೀರಿ. ಒಳಗೆ ಬುಸ್ಸು ಅಂತಿರೋದು ಏನು?"

"ನಾಗರಹಾವು ಗೌಡರೇ. ಅದಕ್ಕೇ ಬಾಗ್ಲು ಹಾಕಿರೋದು."

ಒಳಗಿನಿಂದ ಗೌರಮ್ಮ, "ಹಾಲು ಕಾಯಿಸ್ತಾ ಇದೀನಿ ಬುಡಿ!" ಎಂದಳು. ಗೌಡರು ಆ ಹಾಲನ್ನು ಕುಡಿಯದೆ ಹೊರಟುಹೋದರು.

ಹೀಗಿರುವಾಗ ಯುದ್ಧ ಬಂತು. ಪೆಟ್ರೋಲು ಮಾಯ. ಶೆಟ್ಟರು ಬಸ್ಸುಗಳ ಬೆನ್ನಿಗೆ ಇದ್ದಲು ಗ್ಯಾಸಿನ ಒಲೆ ಕಟ್ಟಿಸಿದರು. ದಿಬ್ಬ ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ನಮ್ಮ ಆಕ್ಸಿಜನ್ ಸಿಲಿಂಡರು, ವಾರಕ್ಕೊಮ್ಮೆ ಮೈಸೂರಿಗೂ ಹೋಗಿಬರುತ್ತಿದ್ದ ಕೋಟೆ ಬಸ್ಸಿನ ಟಾಪಿನ ಮೇಲೆ ಬರುತ್ತಿತ್ತು. ಅದರ ಡ್ರೈವರ್ ಮಾದಯ್ಯ, "ಜರ್ಮನಿಯೋರ ಬಾಂಬು, ಯಾರೂ ಅಲ್ಲಾಡಬ್ಯಾಡಿ" ಎಂದು ಹೇಳಿ ಪ್ರಯಾಣಿಕರನ್ನು ಹುಣಸೂರಿನವರೆಗೆ ಉಸಿರು ಬಿಗಿಹಿಡಿದು ಕೂರಿಸಿಕೊಂಡು ಬರುತ್ತಿದ್ದ. ನನಗೆ ಅವನಿಗಿಂತ ಹತ್ತಿರದ ಗೆಳೆಯರಿರಲಿಲ್ಲ.

ಕೋಟೆ ಬಸ್ಸಿನ ಸ್ಟೀರಿಂಗಿನ ಕೈ ಬಿರುಕು ಬಿಟ್ಟಿತು. ಡ್ರೈವರು ಚಕ್ರ ತಿರುಗಿಸಿದರೆ ಆ ಮಾತನ್ನು ಮುಂದಿನ ಗಾಲಿಗಳಿಗೆ ಮುಟ್ಟಿಸುವ ಕಬ್ಬಿಣದ ತುಂಡು ಅದು. ಹೊಸದು ಸಿಗದು, ಬೆಸೆದು ಕೊಡು ಎಂದರು ಶೆಟ್ಟರು. ದಪ್ಪ ಕಬ್ಬಿಣ, ಅದೂ ಯಜಮಾನರ ಕೆಲಸ. ಇದು ನನ್ನದೇ ಎಂದು ನಾನೇ ಕೂತೆ. ಅಂಚನ್ನು ಎರಡೂ ಕಡೆಯಿಂದ ಅರ ಹಾಕಿ ಓರೆ ತೆಗೆದರೆ ಬೆಸುಗೆ ಬುಡದವರೆಗೆ ಇಳಿಯುತ್ತದೆ ಎಂದು ಮೇಸ್ತ್ರಿಗಳು ನೂರು ಸಲ ಹೇಳಿದ್ದರು. ನನಗೆ ಅವಸರ. ಮೇಲಿಂದ ತುಂಬಿ, ಉಬ್ಬು ಕಾಣದಂತೆ ತಿಕ್ಕಿ, ಕರಿ ಬಣ್ಣ ಬಳಿದೆ. ಹೊಸದೇ ಅನ್ನಬೇಕು, ಅಷ್ಟು ಚೆನ್ನಾಗಿತ್ತು.

ಗೌರಮ್ಮ ತಿರುಗಿಸಿ ನೋಡಿ, "ಮೇಲೆ ಹೋಳಿಗೆ, ಒಳಗೆ ಹಸಿ ಹಿಟ್ಟು. ತೆಗೆದು ಇನ್ನೊಂದ್ಸಲ ಹಾಕಿ," ಎಂದಳು.

"ನಿನಗೇನು ಗೊತ್ತು ಬಸ್ಸಿನ ವಿಷ್ಯ?" ಎಂದೆ.

ಮೂರನೆಯ ದಿನ ಕೋಟೆಯ ದಾರಿಯಲ್ಲಿ ಬಸ್ಸು ರಸ್ತೆ ಬಿಟ್ಟು ರಾಗಿ ಹೊಲಕ್ಕೆ ನುಗ್ಗಿತು ಎಂದು ಸುದ್ದಿ ಬಂತು. ಶೆಟ್ಟರೂ ನಾನೂ ಜಟಕಾದಲ್ಲಿ ಓಡಿದೆವು. ಇದ್ದಲಿನ ಬಸ್ಸಿಗೆ ವೇಗವಿಲ್ಲದ್ದೇ ಪುಣ್ಯ. ಹೊಲದ ಬದುವಿಗೆ ಮೂತಿ ಊರಿ ನಿಂತಿತ್ತು. ಒಬ್ಬ ಮುದುಕಿಯ ಕುಕ್ಕೆ ಒಡೆದು ಕೋಳಿಗಳೆಲ್ಲ ಹೊಲದ ತುಂಬ ಓಡಾಡುತ್ತಿದ್ದವು. ಪ್ರಯಾಣಿಕರು ಬದುಕಿದ ಖುಷಿಯಲ್ಲಿ ನಗುನಗುತ್ತ ಕೋಳಿ ಹಿಡಿಯುತ್ತಿದ್ದರು. ನನಗೂ ನಗು ಬಂತು. ಆಗ ಬದುವಿನ ಮೇಲೆ ಕೂತಿದ್ದ ಮಾದಯ್ಯ ಕಂಡ. ಎಡಗೈ ಮೊಣಕೈಯಿಂದ ಕೆಳಗೆ ಬೇರೆ ಯಾರದೋ ಕೈಯಂತೆ ಸೊಟ್ಟಗೆ ಜೋತಿತ್ತು.

"ಕುಡಿದಿದ್ದೆಯೇನೋ?" ಎಂದರು ಶೆಟ್ಟರು.

"ನಾನು ಕುಡಿಯಾಕಿಲ್ಲ ಬುದ್ಧಿ. ಚಕ್ರ ತಿರುಗ್ಸಿದೆ, ಬಸ್ಸು ಕೇಳ್ನಿಲ್ಲ."

"ಬಸ್ಸು ಕೇಳಲ್ವಂತೆ! ಇನ್ನು ನನ್ನ ಗಾಡಿ ಮುಟ್ಟಬೇಡ ನೀನು."

ನಾನು ಬಸ್ಸಿನಡಿಗೆ ತೂರಿದೆ. ಸ್ಟೀರಿಂಗಿನ ಕೈ ಎರಡು ತುಂಡು. ಮುರಿದ ಮುಖದಲ್ಲಿ ಅಂಚಿಗೆ ಮಾತ್ರ ಬೆಳ್ಳಿಯ ಮಿಂಚು, ನಡುವೆ ಕಪ್ಪು. ಬೆಸುಗೆ ಅಲ್ಲಿಗೆ ಇಳಿದೇ ಇರಲಿಲ್ಲ. ಬೇರೆ ಯಾರು ನೋಡಿದರೂ ಅದು ಅವರಿಗೆ ಬರೀ ಮುರಿದ ಕಬ್ಬಿಣ. ನನ್ನೊಬ್ಬನಿಗೇ ಅದನ್ನು ಓದಲು ಬರುತ್ತಿದ್ದದ್ದು. ತುಂಡುಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೊರಬಂದೆ. ಮಾತಾಡಲಿಲ್ಲ.

ಊರಿಗೆ ಬಂದು ಲಕ್ಷ್ಮಣತೀರ್ಥದ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತೆ. ಹೊಳೆ ತುಂಬಿ ಹರಿಯುತ್ತಿತ್ತು. ಜೇಬಿಗೆ ಕೈ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಕೊನೆಗೆ ಹೊಳೆಗೆ ಎಸೆಯುವ ಧೈರ್ಯವೂ ಇಲ್ಲದೆ, ಶೆಟ್ಟರಿಗೆ ಕೊಡುವ ಧೈರ್ಯವೂ ಇಲ್ಲದೆ ಮನೆಗೆ ಹೋದೆ. ಗೌರಮ್ಮ ಕೋಟನ್ನು ಗೂಟಕ್ಕೆ ಹಾಕಹೋದವಳು ಭಾರ ನೋಡಿ ಜೇಬು ತಡವಿದಳು. ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿದಳು. ನಾನು ಹೇಳಿರಲಿಲ್ಲವೇ ಎಂದು ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಬಚಾವಾಗುತ್ತಿದ್ದೆ.

"ಮಾದಣ್ಣಂಗೆ ಮೂರು ಮಕ್ಳು," ಎಂದಳು, ಅಷ್ಟೆ. ಕೋಟನ್ನು ತಿರುಗಿ ನನ್ನ ಕೈಗೇ ಕೊಟ್ಟಳು.

ಶೆಟ್ಟರು ಅಂಗಡಿಯ ಜಗಲಿಯ ಮೇಲಿದ್ದರು. ತುಂಡುಗಳನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ: ಓರೆ ತೆಗೆಯದ್ದು, ತಿಕ್ಕಿದ್ದು, ಬಣ್ಣ ಬಳಿದದ್ದು, ಹೊಲದಲ್ಲಿ ಬಾಯಿ ಮುಚ್ಚಿಕೊಂಡು ನಿಂತದ್ದು. ಅವರು ಬಾಯಿಯ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ್ದರು. ಕೆಲಸ ಹೋಯಿತು ಅಂದುಕೊಂಡೆ.

"ಮೊದ್ಲು ಹೋಗಿ ಮಾದಯ್ಯನ ಕಾಲು ಹಿಡ್ಕೋ. ಆಮೇಲೆ ಬಾ," ಎಂದರು.

ಹೋದೆ. ಕೈಗೆ ಬಿದಿರ ದಬ್ಬೆ ಕಟ್ಟಿಸಿಕೊಂಡು ಮಲಗಿದ್ದ. ನಿಜವಾಗಿ ಕಾಲು ಹಿಡಿದೆ, ಅತ್ತೂಬಿಟ್ಟೆ.

ಅವನು ಎಲ್ಲ ಕೇಳಿದ. ಆಮೇಲೆ, "ಕಾಲು ಬುಡಿ ಆಚಾರ್ರೇ. ಮುರಿದಿರೋದು ಕೈ," ಎಂದ.

ಮಾದಯ್ಯನನ್ನು ಶೆಟ್ಟರು ಮತ್ತೆ ಕರೆದುಕೊಂಡರು. ಕೈ ಕೂಡುವವರೆಗೂ ಸಂಬಳ ನಿಲ್ಲಿಸಲಿಲ್ಲ. ನನ್ನನ್ನೂ ಓಡಿಸಲಿಲ್ಲ. ಬದಲಿಗೆ ಒಂದು ಕಾನೂನು ಮಾಡಿದರು: "ಇನ್ನು ಮೇಲೆ ಬಸ್ಸಿಗೆ ಯಾರು ಬೆಸುಗೆ ಹಾಕ್ತಾರೋ, ಅವರೇ ಮೊದಲನೇ ಟ್ರಿಪ್ಪಿಗೆ ಮುಂದಿನ ಸೀಟಲ್ಲಿ ಕೂತು ಕೋಟೆ ತನಕ ಹೋಗ್ಬೇಕು. ಮುರಿದ್ರೆ ಮೊದ್ಲು ನಿಮ್ಮ ಮೂಗು ಮುರೀಲಿ."

ಆ ಸ್ಟೀರಿಂಗಿನ ಕೈಯನ್ನು ಗೌರಮ್ಮನೇ ಬೆಸೆದಳು. ನಾನು ಎರಡು ದಿನ ಕೂತು ಅಂಚಿನ ಓರೆ ತೆಗೆದುಕೊಟ್ಟೆ. ಇದ್ದಲ ಮೇಲಿಟ್ಟು ಕೆಂಡದ ಬಣ್ಣಕ್ಕೆ ತಂದು, ಬುಡದಿಂದ ಪದರ ಪದರವಾಗಿ ತುಂಬಿಸಿ, ಬೂದಿಯಲ್ಲಿ ಹೂತು ಒಂದು ಇಡೀ ದಿನ ಆರಲು ಬಿಟ್ಟಳು. ಬಣ್ಣ ಬಳಿಯಲು ಬಿಡಲಿಲ್ಲ. "ಕಾಣಲಿ," ಎಂದಳು.

ಈಗ ನಿಜ ಹೇಳಲೇಬೇಕಾಯಿತು. ಬಸ್ಸು ಹೊರಡುವ ಹೊತ್ತಿಗೆ ಶೆಟ್ಟರು, "ಹತ್ತಯ್ಯಾ ಆಚಾರಿ, ಮುಂದಿನ ಸೀಟು," ಎಂದರು.

"ಇದು ನನ್ನ ಬೆಸುಗೆ ಅಲ್ಲ ಶೆಟ್ರೇ."

"ಮತ್ತೆ ಯಾರದು?"

ಗೌರಮ್ಮ ನನ್ನ ಹಿಂದಿನಿಂದ ಮುಂದೆ ಬಂದಳು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಶೆಟ್ಟರು ಅವಳನ್ನು ನೋಡಿದರು, ಬಸ್ಸು ನೋಡಿದರು, ನನ್ನ ಹಣೆಯ ಮೇಲಿನ ಕಪ್ಪು ಕನ್ನಡಕ ನೋಡಿದರು.

"ಏನಮ್ಮಾ, ಭಯ ಇಲ್ವಾ?"

"ಭಯ ಇದ್ದಿದ್ರೆ ಬಣ್ಣ ಬಳೀತಿದ್ದೆ," ಎಂದಳು. ಹತ್ತಿ ಕೂತಳು. ನಾನೂ ಕಾಲು ಮೇಲಿಟ್ಟೆ. "ನೀವ್ಯಾಕೆ? ಕಾನೂನು ಬೆಸುಗೆ ಹಾಕ್ದೋರಿಗೆ," ಎಂದಳು. ಜನ ನಕ್ಕರು. ಮಾದಯ್ಯ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಮುರಿದ ಕೈ ಇಟ್ಟುಕೊಂಡೇ ಬದಲಿ ಡ್ರೈವರನ ಪಕ್ಕ ಕೂತಿದ್ದವನು, "ನಾನಿವ್ನಿ ಬುಡಿ ಆಚಾರ್ರೇ," ಎಂದ. ಬಸ್ಸು ಹೊಗೆ ಉಗುಳಿ ಹೊರಟುಹೋಯಿತು.

ಆ ದಿನ ನಾನು ಒಂದು ಕೆಲಸವನ್ನೂ ಮಾಡಲಿಲ್ಲ. ಶೆಟ್ಟರೂ ಅಂಗಡಿ ಬಿಟ್ಟು ಬಂದು ಸ್ಟಾಂಡಿನ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಕೂತರು. ಅವರು ಎಲೆ ಅಡಿಕೆಯನ್ನು ನನಗೂ ಕೊಟ್ಟರು, ಅದೇ ಮೊದಲು. ಮಧ್ಯಾಹ್ನ ದಾಟಿ ಮೂರು ಗಂಟೆಯ ಹೊತ್ತಿಗೆ ಕೋಟೆಯ ರಸ್ತೆಯಲ್ಲಿ ಧೂಳು ಕಂಡಿತು. ಬಸ್ಸು ಬಂತು, ನಿಂತಿತು. ಓಡಿಹೋಗಿ ನೋಡಿದೆ. ಮುಂದಿನ ಸೀಟು ಖಾಲಿ.

"ಮಾದಯ್ಯಾ, ಎಲ್ಲೋ ಅವಳು?"

ಮಾದಯ್ಯ ಆತುರವಿಲ್ಲದೆ ಇಳಿದ. "ಕ್ವಾಟೆಲವ್ರೆ. ಅಲ್ಲಿ ಮರ ಕುಯ್ಯೋ ಮಿಷನ್ನು ಒಡೆದು ಹದಿನೈದು ದಿನದಿಂದ ನಿಂತದಂತೆ. ಆ ಮಿಷನ್ನೋರು ಬಸ್ಸಿನಡಿ ಬಗ್ಗಿ ನೋಡಿ, ಈ ಬೆಸುಗೆ ಯಾರ್ದು ಅಂತ ಕೇಳುದ್ರು, ನಂದು ಅಂದ್ರು ಅಮ್ಮಾರು. ಅಲ್ಲೇ ಇಳ್ಕೊಂಡವ್ರೆ, ಅವರ ಚಿಕ್ಕವ್ವನ ಮನೇಲಿ. ನಾಳೆ ಸಾಮಾನೆಲ್ಲ ತಕ್ಕೊಂಡು ನೀವು ಬರಬೇಕಂತೆ."

ಶೆಟ್ಟರು ಕಟ್ಟೆಯ ಮೇಲಿಂದ ದೊಡ್ಡದಾಗಿ ನಕ್ಕರು. ನಾನು ಬಸ್ಸಿನ ಮೂತಿಗೆ ಒರಗಿಕೊಂಡು ಉಸಿರು ಬಿಟ್ಟೆ.

"ಇನ್ನೊಂದು ಹೇಳವ್ರೆ," ಎಂದ ಮಾದಯ್ಯ. "ಬರುವಾಗ ಹಿಂದಿನ ಸೀಟಲ್ಲಿ ಕೂತ್ಕೊಂಡು, ಟಿಕೀಟು ತಕ್ಕೊಂಡು ಬರಬೇಕಂತೆ."

ಮರುದಿನ ಹಾಗೆಯೇ ಹೋದೆ.